ಉದ್ಧರಣ ಚಿಹ್ನೆ

ಸಾಹೇಬರ ನಾಲಿಗೆಗೆ ‘ಷ್ಟ’ ಹೊರಳದು.
ಹಾಗಾಗಿ ಅವರ ಭಾಷಣದಲ್ಲಿ ಯಾರಿಗೂ ಕಷ್ಟವಿಲ್ಲ,
ನಷ್ಟವಿಲ್ಲ, ಇರುವುದೆಲ್ಲ ಬರೀ ತ್ರಾಸು.
ಭ್ರಷ್ಟರನ್ನು ‘ತಿನ್ನುವವರು’ ಎಂದು ಬರೆಯುತ್ತೇನೆ,
ಮರಾಠಿಯಲ್ಲಿ, ಹೆಬ್ಬೆರಳಷ್ಟು ಅಕ್ಷರದಲ್ಲಿ;
ವೇದಿಕೆ ಹತ್ತಿದರೆ ಅವರು ಕನ್ನಡಕ ಹಾಕುವವರಲ್ಲ.
ನೀರು ಕುಡಿಯುವ ಜಾಗಕ್ಕೆ ಒಂದು ಚುಕ್ಕೆ,
ಚಪ್ಪಾಳೆಗೆ ಕಾಯುವಲ್ಲಿ ಎರಡು.

ಕನ್ನಡ ಈಗ ಎಣಿಸುವುದಕ್ಕೆ ಮಾತ್ರ.
ವೇದಿಕೆಯ ಹಿಂದೆ, ಜನರೇಟರ್ ಪಕ್ಕ ನಿಂತು
ಒಂದು, ಎರಡು, ಮೂರು,
ಸಾಹೇಬರು ಉಸಿರು ತೆಗೆದುಕೊಳ್ಳುವ ತನಕ.

ಎಣಿಸಲು ಕಲಿಸಿದವರು ಬೆಳ್ಚಡರು,
ಫೋರ್ಟಿನ ಗಲ್ಲಿಯ ನಮ್ಮ ಪತ್ರಿಕೆಯ ಸಂಪಾದಕರು.
“ಸತ್ತವರ ಸಂಖ್ಯೆ ಮೊದಲ ಸಾಲಿಗೆ.
ನಿನ್ನ ಕಣ್ಣೀರು, ಜಾಗ ಉಳಿದರೆ, ಕೊನೆಗೆ.”
ಜಾಗ ಎಂದೂ ಉಳಿಯಲಿಲ್ಲ. ಜಾಹೀರಾತು ಬರುತ್ತಿತ್ತು:
ಹೊಸ ಹೋಟೆಲಿನ ಉದ್ಘಾಟನೆ, ಸಂಘದ ವಾರ್ಷಿಕೋತ್ಸವ,
ಮೂರು ಇಂಚಿನ ಶ್ರದ್ಧಾಂಜಲಿ.
ಹಗಲು ನಗರಪಾಲಿಕೆ, ರಾತ್ರಿ ಕರಡು ತಿದ್ದುವುದು,
ಕೊನೆಯ ಕಲ್ಯಾಣ್ ಲೋಕಲಿನಲ್ಲಿ ಬೆರಳ ಶಾಯಿ ನೋಡುತ್ತ
ಮುಲುಂಡಿಗೆ.

ಆಮೇಲೆ ಮಾಝಗಾಂವ್. ಜುಲೈ. ನಸುಕು.
ಖಂಡೂಭಾಯಿ ಚಾಳಿನ ಅರ್ಧ ಕೂತುಬಿಟ್ಟಿತ್ತು.
ಉಳಿದರ್ಧದ ಮೂರನೇ ಮಹಡಿಯಲ್ಲಿ, ಗೋಡೆಯಿಲ್ಲದ ಅಡುಗೆಮನೆಯಲ್ಲಿ,
ಒಂದು ಮಿಕ್ಸರು. ಒಳಗೆ ರುಬ್ಬದ ಕೊಬ್ಬರಿಯೂ ಇತ್ತಂತೆ.
ನಾನು ಎಣಿಸುತ್ತಿದ್ದೆ. ಹನ್ನೊಂದು.
ಸಾಹೇಬರು ಬಂದರು, ಆಗಿನ್ನೂ ಬರೀ ನಗರಸೇವಕ,
ಬಿಳಿ ಬೂಟು ಕೆಸರಿಗೆ ಹೋಗಿತ್ತು.
ಕ್ಯಾಮರಾ ತಿರುಗಿತು, ಬಾಯಿ ತೆರೆಯಿತು, ಮಾತು ಬರಲಿಲ್ಲ.
ಹತ್ತಿರವಿದ್ದವನು ನಾನು.
“ಏನು ಹೇಳಲಿ?” ಎಂದರು,
ನಿಜವಾಗಿ ಗೊತ್ತಿಲ್ಲದವರ ದನಿಯಲ್ಲಿ.
ಹೇಳಿಕೊಟ್ಟೆ:
“ಇವರ ಬಾಗಿಲು ಇದ್ದಲ್ಲೇ ನಿಲ್ಲಿಸುವ ತನಕ
ನನ್ನ ಮನೆಯ ಬಾಗಿಲು ಹಾಕುವುದಿಲ್ಲ.”
ಹೇಳಿದರು. ಚೆನ್ನಾಗಿಯೇ ಹೇಳಿದರು. ಒಬ್ಬ ಮುದುಕ ಅತ್ತ.

ಸಂಜೆ ಕಚೇರಿಗೆ ಬಂದು ನನ್ನದೇ ವಾಕ್ಯವನ್ನು
ಉದ್ಧರಣ ಚಿಹ್ನೆಯೊಳಗೆ ಕೂರಿಸಿ
ಅವರ ಹೆಸರು ಹಾಕಿದೆ.
“ಇವನ ಬಾಯಿಗೆ ಇಂಥ ಮಾತು ಎಲ್ಲಿಂದ ಬಂತಯ್ಯ?”
ಬೆಳ್ಚಡರು ನನ್ನನ್ನೇ ನೋಡಿದರು, ತುಸು ಹೆಚ್ಚು ಹೊತ್ತು.
ಮೊದಲ ಪುಟಕ್ಕೆ ಹಾಕಿದರು.

ಹೊರಗಿನವರ ಬಗ್ಗೆ ಬರೆಯಿರಿ ಎಂದಿದ್ದರು ಒಮ್ಮೆ,
ಚುನಾವಣೆಯ ವರ್ಷ. ಬರೆದೆ.
ಅದೇ ನನ್ನ ಅತ್ಯುತ್ತಮ ಭಾಷಣ ಎನ್ನುತ್ತಾರೆ.
ಹುಡುಕಬೇಕಾಗಲಿಲ್ಲ; ಹದಿನಾಲ್ಕರಲ್ಲಿ
ಹೋಟೆಲಿನ ಮೇಜು ಒರೆಸುತ್ತ ಕೇಳಿಸಿಕೊಂಡದ್ದೇ
ಮೂರು ಪುಟ ಆಯಿತು.
ಮೈದಾನ ಎದ್ದು ನಿಂತಿತು. ಹದಿನೇಳರ ತನಕ ಎಣಿಸಿದೆ,
ಚಪ್ಪಾಳೆ ಇನ್ನೂ ಇತ್ತು.
ಲೋಕಲಿನಲ್ಲಿ ಪಕ್ಕದವನು ಬಾವುಟ ಮಡಿಸುತ್ತ
ನೀವು ಎಲ್ಲಿಯವರು ಎಂದ.
ಮುಲುಂಡ್, ಎಂದೆ.

ಮೊನ್ನೆ ಒಬ್ಬ ಹೆಂಗಸು ಬಂದಿದ್ದಳು,
ಪ್ಲಾಸ್ಟಿಕ್ ಕವರಿನಲ್ಲಿ ಹಳದಿ ತಿರುಗಿದ ತುಂಡು ಕಾಗದ.
ಕಚೇರಿಯ ಹುಡುಗರಿಗೆ ಅಕ್ಷರ ಹತ್ತದೆ
ನನ್ನ ಮೇಜಿಗೆ ದಾಟಿಸಿದರು.
ಗುರುಬಸವ್ವ. ಮೂರನೇ ಮಹಡಿ. ಮಿಕ್ಸರು ಅವಳದು.
ಅಂದಿನಿಂದ ಟ್ರಾನ್ಸಿಟ್ ಕ್ಯಾಂಪು, ಎರಡು ಸಲ ಬೇರೆ ಕ್ಯಾಂಪು.
“ಸಾಹೇಬ್ರು ಹಂಗ ಹೇಳೇ ಇಲ್ಲ ಅಂತಾರ್ರೀ.
ಇದನ್ನ ಬರದಾಂವ ಸಿಕ್ಕಿದ್ರ ಕೇಳತಿದ್ದೆ,
ಖರೇನೋ ಸುಳ್ಳೋ ಅಂತ.”

ಓದಿದೆ. ಹನ್ನೊಂದು, ಮೊದಲ ಸಾಲಿನಲ್ಲೇ ಇತ್ತು.
ಅವನು ಪತ್ರಿಕೆ ಬಿಟ್ಟು ಬಹಳ ಕಾಲವಾಯಿತು, ಎಂದೆ.
ಒಂದಕ್ಷರ ಸುಳ್ಳಿಲ್ಲ ಅದರಲ್ಲಿ,
ಬೇಕಾದರೆ ಬೆಳ್ಚಡರು ಎದ್ದುಬಂದು ತಿದ್ದಲಿ.
ಚಹಾ ತರಿಸಿದೆ. ಝೆರಾಕ್ಸ್ ಮಾಡಿಸಿ ಮೂಲ ಮರಳಿಸಿದೆ.
ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಳು ಅಷ್ಟು ಹೊತ್ತೂ,
ನಾನು ಉತ್ತರಿಸಿದ್ದೆಲ್ಲ ಮರಾಠಿಯಲ್ಲಿ.
ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ತಿರುಗಿದಳು:
“ಓದಾಕ ಬರ್ತದಲ್ರೀ ನಿಮಗ?”

ಒಂದು,
ಎರಡು,
ಮೂರು.